ಶಾಲೆ ಬಿಡಿಸುವ ಮುನ್ನ: ಮನೆಯಲ್ಲಿ ಯಾರಿರುತ್ತೀರಿ?

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಶಿವರಾಮ ಕಾರಂತರ ಹೆಸರು ತೆಗೆಯುತ್ತಾರೆ. ತೆಗೆಯಬೇಕಾದದ್ದೇ. ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟ ಕಾರಂತರು, ಮುಂದೆ ತಮ್ಮ ಮಕ್ಕಳನ್ನೂ ಆರಂಭದ ವರ್ಷಗಳಲ್ಲಿ ಶಾಲೆಗೆ ಹಾಕದೆ ಪುತ್ತೂರಿನ ಮನೆಯಲ್ಲೇ ಕಲಿಯಲು ಬಿಟ್ಟರು. ಆ ಮಕ್ಕಳಲ್ಲಿ ಮಾಳವಿಕಾ ಕಪೂರ್ ನಿಮ್ಹಾನ್ಸ್‌ನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದರು. ಉಲ್ಲಾಸ ಕಾರಂತರು ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಆಮೇಲೆ ಕಾಡು ಸೇರಿ ಹುಲಿಗಳ ಅಧ್ಯಯನದಲ್ಲಿ ಜಗತ್ತೇ ಬಲ್ಲ ವಿಜ್ಞಾನಿಯಾದರು. ಶಾಲೆ ತಡವಾದರೆ ಮಗು ಹಾಳಾಗುತ್ತದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಆದರೆ ಈ ಉದಾಹರಣೆ ಕೊಡುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಕಾರಂತರು ಬಹುದೊಡ್ಡ ತಿರುಗಾಟದ ಮನುಷ್ಯ. ಯಕ್ಷಗಾನ, ಭಾಷಣ, ಪ್ರವಾಸ, ಬರವಣಿಗೆ, ಒಂದೇ ಎರಡೇ. ಆ ಮನೆಯ ನಿತ್ಯದ ಭಾರ ಹೊತ್ತವರು ಅವರ ಪತ್ನಿ ಲೀಲಾ ಕಾರಂತರು. ‘ಬಾಲ ಪ್ರಪಂಚ’ ಬರೆದ ಅಪ್ಪನನ್ನು ನೆನೆಯುವ ನಾವು ಅಮ್ಮನ ದಿನಗಳ ಬಗ್ಗೆ ಕೇಳುವುದೇ ಇಲ್ಲ.

ಇತ್ತೀಚೆಗೆ ಹೋಮ್‌ಸ್ಕೂಲಿಂಗ್ ಬಗ್ಗೆ ನನ್ನನ್ನು ವಿಚಾರಿಸುವ ದಂಪತಿಗಳು ಹೆಚ್ಚಾಗಿದ್ದಾರೆ. ಅವರ ಪ್ರಶ್ನೆಗಳೆಲ್ಲ ಪಾಠದ ಸುತ್ತಲೇ ಇರುತ್ತವೆ. ಯಾವ ಸಿಲಬಸ್? ಯಾವ ಆ್ಯಪ್? ಗಣಿತಕ್ಕೆ ಟ್ಯೂಷನ್ ಹಾಕಬೇಕೇ? ನಾನು ಕೇಳುವುದು ಒಂದೇ: ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಮನೆಯಲ್ಲಿ ಯಾರಿರುತ್ತೀರಿ? ಗಂಡ ಹೆಂಡತಿಯ ಮುಖ ನೋಡುತ್ತಾನೆ. ಈ ತೀರ್ಮಾನದ ನಿಜವಾದ ಭಾರ ಇರುವುದು ಅಲ್ಲೇ. ಮಗುವನ್ನು ಶಾಲೆಯಿಂದ ಬಿಡಿಸುವುದೆಂದರೆ ದೊಡ್ಡವರೊಬ್ಬರು ತಮ್ಮ ಹಗಲನ್ನು ವರ್ಷಗಟ್ಟಲೆ ಒಪ್ಪಿಸಿಬಿಡುವುದು. ಆ ಒಬ್ಬರು ಯಾರು, ಅವರು ಮನಸಾರೆ ಒಪ್ಪಿದ್ದಾರೆಯೇ, ಅದಕ್ಕೆ ಬದಲಾಗಿ ಅವರಿಗೆ ಏನು ಉಳಿಯುತ್ತದೆ ಎನ್ನುವುದು ಇತ್ಯರ್ಥವಾಗದೆ ಸಿಲಬಸ್ಸಿನ ಚರ್ಚೆಗೆ ಅರ್ಥವಿಲ್ಲ.

ಮೈಸೂರಿನ ಒಂದು ಮನೆಯಲ್ಲಿ ಕಳೆದ ಮಳೆಗಾಲ ಒಂದು ಹಗಲು ಪೂರ್ತಿ ಕೂತಿದ್ದೆ. ಹುಡುಗನಿಗೆ ಹತ್ತು ವರ್ಷ. ಅಕ್ಷರಗಳು ಅವನ ಕಣ್ಣಿಗೆ ಬೇಗ ಒಲಿಯುವುದಿಲ್ಲ, ಓದುವಾಗ ತಡವರಿಸುತ್ತಾನೆ. ಮೂರನೇ ತರಗತಿಯಲ್ಲಿ ಅವನನ್ನು ಎಲ್ಲರೆದುರು ನಿಲ್ಲಿಸಿ ಗಟ್ಟಿಯಾಗಿ ಓದಿಸುತ್ತಿದ್ದರಂತೆ. ಭಾನುವಾರ ರಾತ್ರಿಯಾದರೆ ವಾಂತಿ ಶುರುವಾಗುತ್ತಿತ್ತು. ಡಾಕ್ಟರರಿಗೆ ಹೊಟ್ಟೆಯಲ್ಲಿ ಏನೂ ಸಿಗಲಿಲ್ಲ. ಬಿಡಿಸಿದರು. ನಾನು ಹೋದ ದಿನ ಅವನು ಅಜ್ಜಿಯ ಪಕ್ಕ ಕೂತು ಪತ್ರಿಕೆಯ ತಲೆಬರಹಗಳ ಮೇಲೆ ಬೆರಳಿಟ್ಟು ಒಂದೊಂದೇ ಪದ ಓದಿದ. ಅಜ್ಜಿಗೆ ಅವಸರವಿರಲಿಲ್ಲ. ಹನ್ನೊಂದರ ಹೊತ್ತಿಗೆ ಕೆಟ್ಟುಹೋದ ಮಿಕ್ಸಿಯನ್ನು ಚಾಪೆಯ ಮೇಲೆ ಬಿಚ್ಚಿಟ್ಟುಕೊಂಡು ಮೋಟಾರಿನಿಂದ ಎರಡು ಕಪ್ಪು ತುಂಡುಗಳನ್ನು ಹೊರತೆಗೆದ. “ಕಾರ್ಬನ್ ಬ್ರಷ್. ಇದು ಸವೆದಿದೆ, ನೋಡಿ, ಅದರರ್ಧ ಆಗಿದೆ” ಎಂದು ಸ್ಕೇಲ್ ಇಟ್ಟು ಅಳೆದು ತೋರಿಸಿದ. ಮಿಲಿಮೀಟರ್ ಲೆಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಕಾಗುಣಿತ ತಪ್ಪಿತ್ತು, ಅಳತೆ ಸರಿಯಿತ್ತು. ತರಗತಿಯ ಮೂಲೆಯಲ್ಲಿ ದಡ್ಡ ಎನಿಸಿಕೊಂಡು ಕೂರುತ್ತಿದ್ದ ಹುಡುಗ ಇವನೇ ಎಂದು ನಂಬುವುದಕ್ಕೆ ನನಗೆ ಕಷ್ಟವಾಯಿತು.

ಅವನ ತಾಯಿ ಬ್ಯಾಂಕಿನ ಕೆಲಸ ಬಿಟ್ಟವರು. ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಹೇಳಿದರು: “ಮಗ ಗೆಲುವಾಗಿದಾನೆ, ಅದಕ್ಕಿಂತ ಇನ್ನೇನು ಬೇಕು. ಆದ್ರೆ ಫೀಸು ಉಳೀತು ಅಂತ ಎಲ್ಲರೂ ಹೇಳ್ತಾರೆ. ನನ್ನ ಸಂಬಳ ಹೋಯ್ತು ಅಂತ ಒಬ್ಬರೂ ಹೇಳಲ್ಲ.” ಅವರ ಮಾತಿನಲ್ಲಿ ದೂರು ಇರಲಿಲ್ಲ, ಲೆಕ್ಕ ಇತ್ತು. ಹೋದದ್ದು ಸಂಬಳವೊಂದೇ ಅಲ್ಲ. ಬಡ್ತಿ, ಪಿಎಫ್, ಸಹೋದ್ಯೋಗಿಗಳು, ದಿನಕ್ಕೊಮ್ಮೆ ಮನೆಯ ಹೊಸಿಲು ದಾಟುವ ಅವಕಾಶ ಎಲ್ಲವೂ ಹೋಗುತ್ತವೆ. ಮಗನಿಗೆ ಹದಿನಾರಾಗುವ ಹೊತ್ತಿಗೆ ಅವರಿಗೆ ಐವತ್ತು ಸಮೀಪಿಸಿರುತ್ತದೆ. ಮತ್ತೆ ಕೆಲಸಕ್ಕೆ ಕರೆಯುವವರು ಯಾರು?

ನಾನು ಕಂಡ ಹೋಮ್‌ಸ್ಕೂಲಿಂಗ್ ಮನೆಗಳಲ್ಲಿ ಹೆಚ್ಚಿನವು ಹೀಗೇ. ಸಿದ್ಧಾಂತ ಹೇಳುವವನು ಅಪ್ಪ, ದಿನ ಕಳೆಯುವವಳು ಅಮ್ಮ. ಜಾನ್ ಹೋಲ್ಟ್, ಇವಾನ್ ಇಲಿಚ್ ಎಂದು ಲೇಖಕರ ಹೆಸರು ಹೇಳುವ ಗಂಡಸರು ವಾರದಲ್ಲಿ ಎರಡು ದಿನವಾದರೂ ಕೆಲಸದ ಹೊತ್ತು ಕಡಿಮೆ ಮಾಡಿಕೊಳ್ಳಲು ತಯಾರಿದ್ದಾರೆಯೇ? ತಯಾರಿಲ್ಲದಿದ್ದರೆ ಆ ಮಗು ಶಾಲೆಯಲ್ಲೇ ಇರಲಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಲ್ಯಾಪ್‌ಟಾಪ್ ಮುಂದೆ ಮೀಟಿಂಗಿನಲ್ಲಿರುವ ತಾಯಿ, ಪಕ್ಕದ ಕೋಣೆಯಲ್ಲಿ ವಿಡಿಯೊ ಪಾಠದ ಮುಂದೆ ಕೂತ ಮಗು: ಇದನ್ನು ಮನೆಯಲ್ಲಿ ಕಲಿಸುವುದು ಎನ್ನಲಾಗದು. ಕೋವಿಡ್ ಕಾಲದಲ್ಲಿ ನಾವೆಲ್ಲ ಇದನ್ನು ನೋಡಿದ್ದೇವೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಬಾಗಿಲು ನಮ್ಮ ರಾಜ್ಯದ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ ‘ವಿದ್ಯಾಗಮ’ ಎಂದು ಮೇಷ್ಟರುಗಳು ಗುಡಿಯ ಜಗಲಿ, ಅರಳಿಕಟ್ಟೆಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದರು, ಅದೂ ನಿಂತಿತು. ಕೂಲಿಗೆ ಹೋಗುವ ಅಪ್ಪ ಅಮ್ಮಂದಿರ ಮಕ್ಕಳು ಅಷ್ಟು ಕಾಲ ಮನೆಯಲ್ಲಿದ್ದರು. ಅಕ್ಷರ ಮರೆತರು, ಬಿಸಿಯೂಟ ತಪ್ಪಿತು, ಎಷ್ಟೋ ಮಂದಿ ದುಡಿಮೆಗೆ ಬಿದ್ದರು. ಮನೆ ತನ್ನಷ್ಟಕ್ಕೆ ತಾನೇ ಕಲಿಸುವುದಿಲ್ಲ. ಕಲಿಸಲು ಅಲ್ಲಿ ಪುರುಸೊತ್ತಿರುವ ದೊಡ್ಡವರು ಬೇಕು, ಅಂಥವರು ಇರುವ ಮನೆಗಳು ಈ ನಾಡಿನಲ್ಲಿ ಕಡಿಮೆ.

ಹಾಗೆಂದು ನಾನು ಇದರ ವಿರೋಧಿಯಲ್ಲ. ಆ ಮೈಸೂರಿನ ಹುಡುಗನಂಥ ಮಕ್ಕಳಿಗೆ ಕೆಲವು ವರ್ಷ ಮನೆಯೇ ಸರಿ. ಅವಮಾನದಿಂದ ಕುಗ್ಗಿದ, ಕಾಯಿಲೆ ಬಿದ್ದ, ದಿನವೂ ಬೆದರಿಕೆ ಎದುರಿಸುವ ಮಗುವನ್ನು ‘ಅಡ್ಜಸ್ಟ್ ಆಗು’ ಎಂದು ವ್ಯಾನ್ ಹತ್ತಿಸುವುದು ಕ್ರೂರ. ನನಗೆ ಒಪ್ಪಿಗೆಯಾಗದ್ದು ಇನ್ನೊಂದು ಬಗೆ: ಶಾಲೆಯ ಹೊತ್ತು ದಂಡ, ಆ ಹೊತ್ತಿಗೆ ಕೋಚಿಂಗ್ ಕೊಡಿಸಿದರೆ ರ‍್ಯಾಂಕ್ ಬರುತ್ತದೆ ಎಂಬ ಲೆಕ್ಕಾಚಾರ. 2016ರಲ್ಲಿ ಮುಂಬೈನ ಹುಡುಗಿಯೊಬ್ಬಳು ಹತ್ತನೆಯದರ ಸರ್ಟಿಫಿಕೇಟೂ ಇಲ್ಲದೆ, ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್ ಪದಕಗಳ ಬಲದಿಂದ ಅಮೆರಿಕದ ಎಂಐಟಿ ಸೇರಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಅದನ್ನು ಕತ್ತರಿಸಿ ಇಟ್ಟುಕೊಂಡ ಅಪ್ಪಂದಿರನ್ನು ನಾನು ಬಲ್ಲೆ. ಆ ಹುಡುಗಿಯ ಒಲವು ಅವಳದಾಗಿತ್ತು. ನಿಮ್ಮ ಮಗುವಿನ ಒಲವು ಯಾವುದು ಎಂದು ಕೇಳಿದರೆ ಈ ಅಪ್ಪಂದಿರು ತಮ್ಮ ಆಸೆಯನ್ನು ಹೇಳುತ್ತಾರೆ.

ಇನ್ನು ಕಾನೂನು. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಎಂದು ಅದರ ಹತ್ತನೇ ಸೆಕ್ಷನ್ ಹೇಳುತ್ತದೆ. ಸೇರಿಸದ ಪೋಷಕರಿಗೆ ಅದರಲ್ಲಿ ಶಿಕ್ಷೆಯಿಲ್ಲ. ಮನೆಯಲ್ಲಿ ಕಲಿಸಬಹುದು ಎಂದೂ ಬರೆದಿಲ್ಲ, ಕೂಡದು ಎಂದೂ ಬರೆದಿಲ್ಲ. ದೆಹಲಿ ಹೈಕೋರ್ಟಿನ ಮುಂದೆ ಈ ಪ್ರಶ್ನೆ ಬಂದಾಗ ಕೇಂದ್ರ ಸರ್ಕಾರ ಮೊದಲು ಅಭ್ಯಂತರವಿಲ್ಲವೆಂಬ ಅಫಿಡವಿಟ್ ಸಲ್ಲಿಸಿತು, ಆಮೇಲೆ ಅದನ್ನು ವಾಪಸು ಪಡೆಯಿತು. ತೀವ್ರ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಕ್ಕಳಿಗೆ ಮಾತ್ರ 2012ರ ತಿದ್ದುಪಡಿ ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಉಳಿದವರು ಹೌದು-ಅಲ್ಲಗಳ ನಡುವೆ ನಿಂತಿದ್ದಾರೆ.

ಪರೀಕ್ಷೆಗೆ ದಾರಿಗಳಿವೆ. ಹದಿನಾಲ್ಕು ತುಂಬಿದವರು ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹತ್ತನೆಯದಕ್ಕೆ ಹೆಸರು ಹಚ್ಚಬಹುದು. ಒಮ್ಮೆ ನೋಂದಾಯಿಸಿದರೆ ಐದು ವರ್ಷದೊಳಗೆ ಒಂಬತ್ತು ಅವಕಾಶಗಳಿರುತ್ತವೆ, ವಿಷಯಗಳನ್ನು ಒಂದೊಂದಾಗಿ ಮುಗಿಸಬಹುದು. ಓದಿನಲ್ಲಿ ನಿಧಾನವಿರುವ ಮಕ್ಕಳಿಗೆ ಇದು ದೊಡ್ಡ ಅನುಕೂಲ. ನಮ್ಮ ಎಸ್ಸೆಸ್ಸೆಲ್ಸಿಗೂ ಖಾಸಗಿ ಅಭ್ಯರ್ಥಿಯಾಗಿ ಕೂರಬಹುದು. ಬಹಳ ಮಂದಿಗೆ ತಡವಾಗಿ ಗೊತ್ತಾಗುವುದು ಸಿಇಟಿಯ ವಿಚಾರ. ಕರ್ನಾಟಕದ ಸೀಟಿಗೆ ಅರ್ಹತೆ ಕೊಡುವ ಮುಖ್ಯ ಕಲಂ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ರಾಜ್ಯದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು ಎನ್ನುತ್ತದೆ. ಬೇರೆ ಕಲಂಗಳೂ ಇವೆ, ಕೂತು ಓದಬೇಕು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗಳಿಗಂತೂ ಒಂದರಿಂದ ಹತ್ತರವರೆಗಿನ ಪೂರ್ಣ ಶಾಲಾ ದಾಖಲೆ ಬೇಕು. ಏಳು ವರ್ಷದ ಮಗುವಿನ ಟಿಸಿ ತರುವ ದಿನ ಹದಿನೇಳನೇ ವಯಸ್ಸಿನ ಈ ಬಾಗಿಲುಗಳ ಲೆಕ್ಕವೂ ತಂದೆ ತಾಯಿಗೆ ತಿಳಿದಿರಬೇಕು.

ಬೆಂಗಳೂರಿನ ಅಪಾರ್ಟ್‌ಮೆಂಟ್ ಮನೆಗಳಿಗೆ ಸೇರಿದ ಇನ್ನೊಂದು ಕಳವಳ ನನಗಿದೆ. ಅಲ್ಲಿ ಆಟದ ಭಾಷೆ ಇಂಗ್ಲಿಷು, ಹಿಂದಿ. ಮನೆಯಲ್ಲಿ ಕಲಿಸಲು ಸಿಗುವ ಸಾಮಗ್ರಿ ಬಹುಪಾಲು ಇಂಗ್ಲಿಷಿನದು. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ ಶಾಲೆಗಳು ಹೇಗೋ ಒಂದಿಷ್ಟು ಕನ್ನಡ ಕಲಿಸಬೇಕು. ಮನೆಯ ಮೇಲೆ ಅಂಥ ಒತ್ತಾಯವಿಲ್ಲ. ಕನ್ನಡದ ಮನೆಯ ಮಗುವೇ ಕನ್ನಡ ಓದಲು ಬಾರದೆ ಬೆಳೆಯುವುದನ್ನು ನಾನು ಕಂಡಿದ್ದೇನೆ, ನನಗೆ ಅದು ನಿಜವಾದ ನೋವು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕತೆಗಳು ಉಚಿತವಾಗಿ ಸಿಗುತ್ತವೆ. ಅಜ್ಜಿಯೊಬ್ಬರು ಜೊತೆಗೆ ಕೂತರೆ ಇನ್ನೂ ಒಳ್ಳೆಯದು.

ಮಕ್ಕಳ ಒಡನಾಟದ ಬಗ್ಗೆ ಕೇಳಿದರೆ ಪೋಷಕರು ಈಜು, ಚೆಸ್, ಸಂಗೀತದ ಕ್ಲಾಸುಗಳ ಪಟ್ಟಿ ಕೊಡುತ್ತಾರೆ. ಅಲ್ಲೆಲ್ಲ ಮಗು ಭೇಟಿಯಾಗುವುದು ತನ್ನಂಥದೇ ಮನೆಯ ಮಕ್ಕಳನ್ನು. ಅಪ್ಪ ಅಮ್ಮ ಆರಿಸದ ಗೆಳೆಯರು ಬೇರೆ. ನಮ್ಮೂರಿನ ಸರ್ಕಾರಿ ಶಾಲೆಯ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನ ಮನೆಗೆ ನಮ್ಮ ಮನೆಯವರು ಯಾರೂ ಹೋಗುತ್ತಿರಲಿಲ್ಲ. ನಾನು ಹೋದೆ, ಉಂಡೆ. ಶಾಲೆ ಇಲ್ಲದಿದ್ದರೆ ಜಾತಿಯ ಆ ಗೆರೆಯನ್ನು ನಾನು ದಾಟುತ್ತಲೇ ಇರಲಿಲ್ಲ. ಲಕ್ಷಗಟ್ಟಲೆ ಫೀಸಿನ ಶಾಲೆಗಳಲ್ಲಿ ಈಗ ಆ ಬೆಂಚೂ ಇಲ್ಲ ಎಂಬುದು ನಿಜ. ಅಂಥ ಶಾಲೆಯಿಂದ ಮಗುವನ್ನು ಬಿಡಿಸುವವರು ಈ ವಿಷಯದಲ್ಲಿ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. ಆದರೆ ಮನೆಯಲ್ಲಿ ಕಲಿಸುವಾಗ ಅಂಥ ಒಡನಾಟವನ್ನು ಗಳಿಸಿಕೊಡುವ ಜವಾಬ್ದಾರಿ ಪೂರ್ತಿ ಅವರ ಮೇಲೇ ಬೀಳುತ್ತದೆ. ಊರಿನ ಗ್ರಂಥಾಲಯ, ಸರ್ಕಾರಿ ಮೈದಾನ, ಅಜ್ಜನ ಹಳ್ಳಿಯಲ್ಲಿ ತಿಂಗಳುಗಟ್ಟಲೆ ವಾಸ, ಹೀಗೆ ಏನಾದರೂ ಬೇಕು.

ಸರ್ಕಾರ ಹೋಮ್‌ಸ್ಕೂಲಿಂಗ್‌ಗೆ ಬಾಯಿಬಿಟ್ಟು ಒಪ್ಪಿಗೆ ಕೊಡಲು ಹಿಂಜರಿಯುವುದಕ್ಕೆ ಕಾರಣವಿದೆ, ಆ ಕಾರಣವನ್ನು ನಾನು ಗೌರವಿಸುತ್ತೇನೆ. ‘ಮನೆಯಲ್ಲೇ ಕಲಿಸುತ್ತಿದ್ದೇವೆ’ ಎಂಬ ಒಂದೇ ಮಾತು ಸಾಕು ಎಂದಾದರೆ, ಹನ್ನೆರಡರ ಹುಡುಗಿಯನ್ನು ಮನೆಗೆಲಸಕ್ಕೆ ಹಾಕಿದವರೂ, ಬಾಲ್ಯವಿವಾಹಕ್ಕೆ ಗಂಡು ಹುಡುಕುತ್ತಿರುವವರೂ ಅದೇ ಮಾತು ಹೇಳುತ್ತಾರೆ. ಹುಡುಗಿ ಶಾಲೆಗೆ ಬರಲಿಲ್ಲ ಎಂದು ಮೇಷ್ಟ್ರು ವಿಚಾರಿಸಿದ್ದರಿಂದಲೇ ನಿಂತ ಮದುವೆಗಳು ನಮ್ಮಲ್ಲಿವೆ.

ಅದಕ್ಕೇ ನನಗೆ ಬೇಕಿರುವುದು ಬರಿಯ ಸ್ವಾತಂತ್ರ್ಯವಲ್ಲ, ನೋಂದಣಿ. ಬಿಇಒ ಕಚೇರಿಯಲ್ಲಿ ಒಂದು ಅರ್ಜಿ. ಮಗುವಿನ ಹೆಸರು ಇಲಾಖೆಯ ದಾಖಲೆಯಲ್ಲಿ ಉಳಿಯಬೇಕು, ‘ಶಾಲೆ ಬಿಟ್ಟ ಮಗು’ ಎಂದು ಅಳಿಯಬಾರದು. ವರ್ಷಕ್ಕೊಮ್ಮೆಯಾದರೂ ಶಿಕ್ಷಕರೊಬ್ಬರು ಮನೆಗೆ ಬಂದು, ಅಪ್ಪ ಅಮ್ಮ ಪಕ್ಕದಲ್ಲಿಲ್ಲದಾಗ ಮಗುವನ್ನು ಮಾತಾಡಿಸಬೇಕು. ಅಂಕ ಕೇಳುವುದು ಬೇಡ. ಓದುತ್ತೀಯಾ, ಯಾರ ಜೊತೆ ಆಡುತ್ತೀಯಾ, ಮತ್ತೆ ಶಾಲೆಗೆ ಹೋಗಬೇಕು ಅನ್ನಿಸುತ್ತದೆಯೇ ಎಂದು ಕೇಳಿದರೆ ಸಾಕು. ಹೌದು ಎಂದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಲು ಕಾಯ್ದೆಯ ನಾಲ್ಕನೇ ಸೆಕ್ಷನ್ ಈಗಲೂ ಅವಕಾಶ ಕೊಡುತ್ತದೆ. ಗೃಹಾಧಾರಿತ ಶಿಕ್ಷಣದ ಮಕ್ಕಳ ಮನೆಗಳಿಗೆ ಇಲಾಖೆಯ ಸಂಪನ್ಮೂಲ ಶಿಕ್ಷಕರು ಈಗಾಗಲೇ ಹೋಗುತ್ತಿದ್ದಾರೆ, ಆದ್ದರಿಂದ ಇದು ಆಗದ ಮಾತಲ್ಲ. ಆ ಮಕ್ಕಳ ಪಾಲಿನ ಹೊತ್ತನ್ನು ಕಸಿಯದಂತೆ ಬೇರೆ ಜನರನ್ನು ಕೊಡಬೇಕು, ಅಷ್ಟೆ.

ಈ ಬೇಡಿಕೆಯನ್ನು ಇಡಬೇಕಾದವರು ಮನೆಯಲ್ಲಿ ಕಲಿಸುತ್ತಿರುವ ಪೋಷಕರೇ. ತನಿಖೆಯ ಭಯದಿಂದ ಅವರಲ್ಲಿ ಅನೇಕರು ಸದ್ದಿಲ್ಲದೆ ಇದ್ದಾರೆ. ಓದು, ಅನುಕೂಲ, ಅಧಿಕಾರಿಗಳ ಮುಂದೆ ಕೂತು ಮಾತಾಡುವ ಧೈರ್ಯ ಎಲ್ಲವೂ ಇರುವುದು ಅವರಿಗೇ. ಬರುವ ಜೂನ್‌ಗೆ ಮೊದಲು ಅವರು ಒಟ್ಟಾಗಿ ಶಿಕ್ಷಣ ಇಲಾಖೆಯ ಬಾಗಿಲಿಗೆ ಹೋಗಲಿ, ಗಂಡ ಹೆಂಡತಿ ಇಬ್ಬರೂ.