ಉಳಿಸೋದಾದ್ರೆ ಸೂಜಿಯಲ್ಲಿ ಉಳಿಸಬೇಡಿ

ಕಳೆದ ದಸರಾ ರಜೆಗೆ ನಾವು ನಾಲ್ಕು ಜನ ರೂಮ್‌ಮೇಟ್ಸ್ ಕೊಲ್ಲೂರಿಗೆ ಹೋಗಿದ್ವಿ. ನಮ್ಮಲ್ಲೊಬ್ಬನ ಊರು ಅದು. ವಿಜಯದಶಮಿ ದಿನ ಮೂಕಾಂಬಿಕೆ ದೇವಸ್ಥಾನದಲ್ಲಿ ಸಣ್ಣ ಮಕ್ಕಳಿಗೆ ವಿದ್ಯಾರಂಭ ಮಾಡಿಸ್ತಾರೆ, ಬೆರಳು ಹಿಡಿದು ಅಕ್ಕಿಯ ಮೇಲೆ ಮೊದಲ ಅಕ್ಷರ ಬರೆಸ್ತಾರೆ. ಗೆಳೆಯನ ಅಕ್ಕನ ಮಗಳಿಗೂ ಅವತ್ತೇ ಆಯ್ತು. ಅವಳಿಗೂ ಅವಳ ಎಂಟು ವರ್ಷದ ಅಣ್ಣನಿಗೂ ಸೇರಿಸಿ ನಾವು ಒಯ್ದ ಗಿಫ್ಟ್ ಒಂದು ರೆಕಾರ್ಡ್ ಪ್ಲೇಯರ್. ಮನೆಯ ಅಟ್ಟದಲ್ಲಿ ಅಜ್ಜನ ಹಳೇ ತಟ್ಟೆಗಳಿದ್ದವು, ನುಡಿಸೋ ಪೆಟ್ಟಿಗೆ ಮಾತ್ರ ಕೆಟ್ಟು ಎಷ್ಟೋ ವರ್ಷ ಆಗಿತ್ತು.

ನಾವು ತಗೊಂಡಿದ್ದು ಆನ್‌ಲೈನಲ್ಲಿ ಅತಿ ಅಗ್ಗಕ್ಕೆ ಸಿಕ್ಕ ಸೂಟ್‌ಕೇಸ್ ಮಾದರಿಯದು. ನೋಡೋಕೆ ಸೂಪರ್, ಮುಚ್ಚಳ ತೆಗೆದ್ರೆ ಸ್ಪೀಕರ್ ಒಳಗೇ ಇದೆ. ಅಜ್ಜನ ಭಕ್ತಿಗೀತೆಯ ಎಲ್‌ಪಿ ಹಾಕಿದ್ವಿ. ಹುಡುಗ ಬಗ್ಗಿ ಸೂಜಿಯನ್ನೇ ನೋಡ್ತಾ, "ಇದ್ರೊಳ್ಗೆ ಯಾರ್ ಕೂಕಂಡ್ ಹಾಡುದ್?" ಅಂದ. ನಾವು ನಾಲ್ವರು ಭಾವೀ ಇಂಜಿನಿಯರ್‌ಗಳಿಗೆ ತಟ್ಟನೆ ಉತ್ತರ ಹೊಳೀಲಿಲ್ಲ. ಎರಡನೇ ಹಾಡಿಗೆ ಸೂಜಿ ಹಾರೋಕೆ ಶುರುವಾಯ್ತು. ಎಲ್ಲೋ ನೋಡಿದ ಐಡಿಯಾ ಅಂತ ತಲೆಯ ಮೇಲೆ ಒಂದು ರೂಪಾಯಿ ನಾಣ್ಯ ಅಂಟಿಸಿದ್ವಿ. ಹಾರೋದು ನಿಂತಿತು. ಎರಡು ದಿನ ಮಕ್ಕಳು ಅದೇ ಹಾಡನ್ನ ಮತ್ತೆ ಮತ್ತೆ ಹಾಕಿದ್ರು. ಮೂರನೇ ದಿನ ಹಾಡಿಗಿಂತ ಕರಕರ ಸದ್ದೇ ಜಾಸ್ತಿ. ಅಜ್ಜ ಬೈಲಿಲ್ಲ, ತಟ್ಟೆಯನ್ನ ಕವರ್‌ಗೆ ಹಾಕಿ ಒಳಗೆ ಒಯ್ದರು. ಅದು ತೀರಿಕೊಂಡ ಅಜ್ಜಿಯ ಇಷ್ಟದ ರೆಕಾರ್ಡ್ ಅಂತ ನಮಗೆ ಆಮೇಲೆ ಗೊತ್ತಾಯ್ತು.

ಅದಕ್ಕೇ ಈ ಬರಹ. ಮಕ್ಕಳಿಗೆ ರೆಕಾರ್ಡ್ ಪ್ಲೇಯರ್ ಕೊಡಬೇಕು ಅಂತ ನಾವು ಈಗಲೂ ಹೇಳ್ತೀವಿ. ಆದರೆ "ಮಕ್ಕಳಿಗೆ ತಾನೇ" ಅಂತ ಆಟಿಕೆ ಕೊಡಬಾರದು.

ಯಾಕೆ ಅಂದ್ರೆ ಲೆಕ್ಕ ಸರಳ. ಅಗ್ಗದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಜ್ ಇರುತ್ತೆ. ಅದು ತಟ್ಟೆಯ ಮೇಲೆ ಐದು ಗ್ರಾಂ, ಕೆಲವೊಮ್ಮೆ ಇನ್ನೂ ಹೆಚ್ಚು ಭಾರ ಹಾಕುತ್ತೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ ಎರಡು-ಮೂರು ಗ್ರಾಂ ಸಾಕು. ಗ್ರಾಂ ಲೆಕ್ಕ ಏನು ಮಹಾ ಅನ್ಸಬಹುದು, ಆದರೆ ಆ ಭಾರ ಪೂರ್ತಿ ಬೀಳೋದು ಕೂದಲೆಳೆಗಿಂತ ಸಣ್ಣ ಸೂಜಿಮೊನೆಯ ಮೇಲೆ. ನಮ್ಮ ನಾಣ್ಯ ಅಲ್ಲಿ ಮಾಡಿದ್ದು ಉಳುಮೆ.

ಹಾಗಾದ್ರೆ ಏನು ತಗೋಬೇಕು? ಆಡಿಯೋ-ಟೆಕ್ನಿಕಾ ಎಲ್‌ಪಿ60ಎಕ್ಸ್ ತರಹದ್ದು ಆರಂಭಕ್ಕೆ ಸಾಕು. ಬೆಲ್ಟ್ ಡ್ರೈವ್, ಪೂರ್ತಿ ಆಟೋಮ್ಯಾಟಿಕ್. ಬಟನ್ ಒತ್ತಿದ್ರೆ ತೋಳು ತಾನೇ ಹೋಗಿ ಕೂರುತ್ತೆ, ಮುಗಿದ ಮೇಲೆ ತಾನೇ ವಾಪಸ್ ಬರುತ್ತೆ. ಮಕ್ಕಳ ಕೈಗೆ ಇದೇ ದೊಡ್ಡ ಅನುಕೂಲ. ಪ್ರಿಆಂಪ್ ಒಳಗೇ ಇರೋದ್ರಿಂದ ಹಾಸ್ಟೆಲಲ್ಲಿ ಧೂಳು ತಿಂತಿರೋ ಕಂಪ್ಯೂಟರ್ ಸ್ಪೀಕರ್‌ಗೇ ಜೋಡಿಸಬಹುದು. ಸೂಜಿ ಸವೆದ್ರೆ ಅದೊಂದನ್ನೇ ಬದಲಿಸಬಹುದು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಇನ್ನೂ ಒಳ್ಳೇದು, ಸೂಜಿ ಮಾತ್ರ ಹೊಸದು ಹಾಕಿ. ಸ್ಪೀಕರ್ ಹಳೇದಿರಲಿ, ಟೇಬಲ್ ಹಳೇದಿರಲಿ, ಸೂಜಿಯಲ್ಲಿ ಮಾತ್ರ ಉಳಿತಾಯ ಬೇಡ. ಪ್ಲೇಯರ್ ಮಟ್ಟವಾಗಿ ಕೂರಬೇಕು, ಸ್ಪೀಕರ್ ಬೇರೆ ಟೇಬಲ್ ಮೇಲಿರಬೇಕು. ಇಲ್ಲದಿದ್ರೆ ಅದರ ಕಂಪನ ಸೂಜಿಗೇ ತಲುಪಿ ಗುಂಯ್‌ಗುಡುತ್ತೆ.

ಒಂದು ಎಚ್ಚರಿಕೆ. ಈ ಪ್ಲೇಯರ್ 33⅓ ಮತ್ತು 45 ವೇಗಕ್ಕೆ ಮಾತ್ರ. ಅಟ್ಟದಲ್ಲಿ ಸಿಗೋ ದಪ್ಪ, ಭಾರದ 78 ತಟ್ಟೆಗಳು ಅರಗಿನಿಂದ ಮಾಡಿದವು. ಅವುಗಳ ಗೆರೆ ಅಗಲ, ಸೂಜಿಯೇ ಬೇರೆ. ಕೈ ಜಾರಿದ್ರೆ ಒಡೆಯುತ್ತೆ, ಸ್ಪಿರಿಟ್ ಹಚ್ಚಿ ಒರೆಸಿದ್ರೆ ಅರಗು ಕರಗುತ್ತೆ. ಬ್ರಹ್ಮಾವರ ಹತ್ತಿರದ ಆರೂರಲ್ಲಿ 1914ರಲ್ಲಿ ಹುಟ್ಟಿದ ಪಿ. ಕಾಳಿಂಗರಾಯರ ಕಾಲದ ದನಿಗಳು ಇಂಥ ತಟ್ಟೆಗಳಲ್ಲೇ ಇವೆ. ಅವನ್ನ ಮಕ್ಕಳ ಆಟಕ್ಕೆ ಕೊಡಬೇಡಿ, ಹುಷಾರಾಗಿ ಎತ್ತಿಡಿ.

ಕೊಲ್ಲೂರಿನಂಥ ಕಡೆ ಇನ್ನೊಂದು ಶತ್ರು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗಲ್ಲ, ಇನ್ನು ರಟ್ಟಿನ ಕವರ್ ಬಿಡುತ್ತಾ? ಬೂಷ್ಟು ಹಿಡಿಯುತ್ತೆ. ತಟ್ಟೆಗಳನ್ನ ಒಂದರ ಮೇಲೊಂದು ಪೇರಿಸದೆ ನೇರವಾಗಿ ನಿಲ್ಲಿಸಿ, ಗೋಡೆಗೆ ತಾಗಿಸಬೇಡಿ.

"ಇಷ್ಟೆಲ್ಲ ಯಾಕೆ ಗುರು, ಯೂಟ್ಯೂಬ್ ಇಲ್ವಾ?" ಅಂತ ಫ್ಲೋರಲ್ಲಿ ಎಲ್ಲರೂ ಕೇಳಿದ್ರು. ನಿಜ, ಫ್ರೀ ಇದೆ. ಆದರೆ ಮೊಬೈಲಲ್ಲಿ ಹಾಡು ಎಲ್ಲಿದೆ ಅಂತ ಮಗುವಿಗೆ ತೋರಿಸೋಕಾಗಲ್ಲ. ಇಲ್ಲಿ ತೋರಿಸಬಹುದು. ಒಂದು ಬದಿ 22 ನಿಮಿಷ ಅಂದ್ರೆ 730ಕ್ಕೂ ಹೆಚ್ಚು ಸುತ್ತು. ಆ ಗೆರೆಯನ್ನ ಬಿಚ್ಚಿ ಉದ್ದಕ್ಕೆ ಹಾಸಿದ್ರೆ ಹೆಚ್ಚೂಕಮ್ಮಿ ಅರ್ಧ ಕಿಲೋಮೀಟರ್! ಗೆರೆಯ ಏರಿಳಿತಕ್ಕೆ ಸೂಜಿ ಅಲುಗಾಡುತ್ತೆ, ಅದರ ಜೊತೆ ಪುಟ್ಟ ಅಯಸ್ಕಾಂತ ಅಲುಗಾಡುತ್ತೆ, ಪಕ್ಕದ ಸುರುಳಿಯಲ್ಲಿ ಕೆಲವೇ ಮಿಲಿವೋಲ್ಟ್ ಹುಟ್ಟುತ್ತೆ. ನಾವು ಪಿಯುಸಿಯಲ್ಲಿ ಬಾಯಿಪಾಠ ಹೊಡೆದ ಫ್ಯಾರಡೆ ನಿಯಮ ಇದೇ. ಕರೆಂಟ್ ಹೋದ್ರೂ ಪಾಠ ನಿಲ್ಲಲ್ಲ. ಕಾಗದವನ್ನ ಶಂಕುವಿನ ಹಾಗೆ ಸುತ್ತಿ, ತುದಿಗೆ ಗುಂಡುಪಿನ್ ಚುಚ್ಚಿ, ಹಾಳಾದ ತಟ್ಟೆಯನ್ನ ಕೈಯಿಂದ ತಿರುಗಿಸುತ್ತಾ ಹಿಡೀರಿ. ಕಾಗದವೇ ಹಾಡುತ್ತೆ. ಹಾಳಾದ ತಟ್ಟೆಯಲ್ಲಿ ಮಾತ್ರ!

ಇನ್ನೊಂದು ಮಾತು. ನಾವೆಲ್ಲ ಇಂಗ್ಲಿಷ್ ಮೀಡಿಯಂ. ಚಿಕ್ಕಂದಿನಲ್ಲಿ ನಾವು ಕಲಿತಿದ್ದು ಇಂಗ್ಲಿಷ್ ರೈಮ್ಸ್. ಕನ್ನಡದ ಹಾಡು ಅಂದ್ರೆ ಬೇರೆಯವರ ಮೊಬೈಲಲ್ಲಿ ಅರ್ಧ ಕೇಳಿ ಸ್ಕಿಪ್ ಆಗಿದ್ದು. ರೆಕಾರ್ಡಲ್ಲಿ ಸ್ಕಿಪ್ ಮಾಡೋದು ಕಷ್ಟ. ಒಂದು ಬದಿ ಹಾಕಿದ್ರೆ ಇಪ್ಪತ್ತು ನಿಮಿಷ ಕೂರಬೇಕು. ಆ ಇಬ್ಬರು ಮಕ್ಕಳು ಕೂತಿದ್ರು, ನಾವೂ ಕೂತಿದ್ವಿ. ಯೇಸುದಾಸ್ ಎಷ್ಟೋ ವರ್ಷ ಜನವರಿ 10ಕ್ಕೆ, ತಮ್ಮ ಹುಟ್ಟುಹಬ್ಬದ ದಿನ, ಬಂದು ಹಾಡಿದ ಊರು ಅದು. ಅಲ್ಲಿನ ಮಕ್ಕಳಿಗೆ ಕೂತು ಕೇಳೋದು ಹೊಸದೇನಲ್ಲ. ಹೊಸದಾಗಿದ್ದು ನಮಗೆ.

ದುಡ್ಡಿನ ಪ್ರಶ್ನೆ ಮಾತ್ರ ಸುಳ್ಳಲ್ಲ. ಒಳ್ಳೆ ಪ್ಲೇಯರ್ ಅಂದ್ರೆ ಹತ್ತು ಸಾವಿರ ದಾಟುತ್ತೆ, ಒಂದು ಮನೆಗೆ ಅದು ಸಣ್ಣ ಮೊತ್ತ ಅಲ್ಲ. ಹಾಗಾಗಿ ನಮ್ಮ ಅಭಿಪ್ರಾಯ: ಮನೆಗೊಂದು ಆಟಿಕೆ ತಗೊಳ್ಳೋ ಬದಲು ಊರಿಗೊಂದು ಸರಿಯಾದ್ದು ಇರಲಿ. ಶಾಲೆಯಲ್ಲೋ ಲೈಬ್ರರಿಯಲ್ಲೋ ಇಡಿ, ವಾರಕ್ಕೊಂದು ಸಂಜೆ ಹಾಕಿ. ಅಟ್ಟದಲ್ಲಿರೋ ತಟ್ಟೆಗಳನ್ನ ಜನ ತಾವೇ ತರ್ತಾರೆ.

ನಾವು ನಾಲ್ವರು ಈ ಸೆಮಿಸ್ಟರ್ ಕ್ಯಾಂಟೀನ್ ಖರ್ಚಿನಲ್ಲಿ ಉಳಿಸ್ತಾ ಇದ್ದೀವಿ. ನಿಮ್ಮ ಹತ್ರ ಬಳಸದ ಸ್ಪೀಕರ್ ಇದ್ರೆ ಕನ್ನಡ ಸಂಘದ ರೂಮಿಗೆ ತಂದುಕೊಡಿ. ರಜೆಗೆ ಮತ್ತೆ ಕೊಲ್ಲೂರಿಗೆ ಹೋಗೋದಿದೆ. ಅಜ್ಜನ ಆ ತಟ್ಟೆ ಸರಿಯಾಗಲ್ಲ, ಗೊತ್ತು. ಉಳಿದವು ಇನ್ನೂ ಅಟ್ಟದಲ್ಲಿವೆ.