ಕೆಡುಕಿಗೂ ಮೆಟ್ಟಿಲುಂಟು

ಹೆಗ್ಗಡದೇವನಕೋಟೆಯ ಸೀಮೆಗೆ ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ ಬಂಡೀಪುರದ ಕಾಡು; ನಡುವೆ 1974ರಲ್ಲಿ ನಿರ್ಮಾಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರು. ಕಾಡಂಚಿನ ರಾಗಿ ಹೊಲಕ್ಕೆ ಇರುಳಿನಲ್ಲಿ ಆನೆ ಇಳಿಯುವುದು ಅಲ್ಲಿ ಹೊಸ ಸುದ್ದಿಯಲ್ಲ. ಹೀಗೆ ಬೆಳೆ ಕಳೆದುಕೊಂಡ ರೈತನೊಬ್ಬನ ಮಗ, ಕಾಲೇಜು ವಿದ್ಯಾರ್ಥಿ, ಪರಿಹಾರ ಕೋರಿ ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಕುಳಿತನೆಂದು ಭಾವಿಸೋಣ.

‘ಪರಿಸ್ಥಿತಿ ಫ್ರಮ್ ವರ್ಸ್ ಟು ಬ್ಯಾಡ್ ಆಗಿದೆ’ ಎಂದು ಅವನು ಆರಂಭಿಸುತ್ತಾನೆ. ಪದಗಳೆರಡೂ ಸರಿ, ಕ್ರಮ ಮಾತ್ರ ತಲೆಕೆಳಗು. ಓದಿದ ಅಧಿಕಾರಿಗೆ ಸಂಕಟ ತುಸು ಇಳಿದಿದೆಯೆಂದೇ ತೋರೀತು. ‘ಫ್ರಮ್ ಬ್ಯಾಡ್ ಟು ವರ್ಸ್’ ಎಂಬುದೇ ಸಾಧು ಪ್ರಯೋಗ. ಅದೂ ಮೊದಲೇ ಕೆಟ್ಟಿದ್ದು ಇನ್ನಷ್ಟು ಕೆಟ್ಟಾಗ ಮಾತ್ರ. ನಿನ್ನೆಯವರೆಗೆ ಗಟ್ಟಿಯಾಗಿದ್ದ ಬೇಲಿ ಇಂದು ಮುರಿದರೆ ಅದಕ್ಕೆ ಈ ಮಾತು ಹೊಂದದು.

ಮುಂದಿನ ಸಾಲು: ‘ಎರಡು ಎಕರೆ ರಾಗಿ ನಾಶವಾದದ್ದು ಲಾಸ್ಟ್ ಸ್ಟ್ರಾ.’ ಅರ್ಥವೇನೆಂದು ತಂದೆ ಕೇಳುತ್ತಾನೆ. ‘ಕೊನೆಯ ಹುಲ್ಲುಕಡ್ಡಿ’ ಎಂದು ಮಗ ವಿವರಿಸುತ್ತಾನೆ.

“ಹುಲ್ಲುಕಡ್ಡಿ ಅಂತ ಬರೆದ್ಯೇನೋ ಮಗ? ಹೋದದ್ದು ವರ್ಷದ ಅನ್ನ ಕಣೋ!”

ಇಂಗ್ಲಿಷ್ ಬಾರದ ತಂದೆಯ ಆಕ್ಷೇಪಣೆಯೇ ಇಲ್ಲಿ ವ್ಯಾಕರಣ. ಭಾರ ಹೊತ್ತ ಒಂಟೆಯ ಬೆನ್ನು ಮುರಿಯುವ ಕೊನೆಯ ಕಡ್ಡಿ ತಾನಾಗಿ ಅತಿ ಹಗುರ. ಹಿಂದಿನ ಹೊರೆಯಿಂದಲೇ ಅದಕ್ಕೆ ಬಲ. ಎರಡು ಎಕರೆಯ ನಷ್ಟ ಹೊರೆಯೇ ಹೊರತು ಕಡ್ಡಿಯಲ್ಲ. ಆ ನಷ್ಟದ ಮೇಲೆ, ಒಂದು ಸಹಿ ಬಿಟ್ಟುಹೋಯಿತೆಂದು ಅರ್ಜಿ ಹಿಂದಿರುಗಿದರೆ, ಅದು ಲಾಸ್ಟ್ ಸ್ಟ್ರಾ.

‘ಔಟ್ ಆಫ್ ದ ಫ್ರೈಯಿಂಗ್ ಪ್ಯಾನ್ ಇನ್‌ಟು ದ ಫೈರ್’ ಎಂಬುದಕ್ಕೆ ನಮ್ಮಲ್ಲಿಯೇ ‘ಬಾಣಲೆಯಿಂದ ಬೆಂಕಿಗೆ’ ಎಂಬ ಮಾತುಂಟು. ಒಂದು ಕಷ್ಟದಿಂದ ಪಾರಾಗಲು ಹೋಗಿ ದೊಡ್ಡ ಕಷ್ಟಕ್ಕೆ ಬಿದ್ದಾಗ ಅದು ಸಲ್ಲುತ್ತದೆ. ಆನೆಯ ಕಾಟ ತಾಳಲಾರದೆ ಹೊಲ ಮಾರಿ, ಪಟ್ಟಣದಲ್ಲಿ ಸಾಲಕ್ಕೆ ಸಿಕ್ಕಿದವನಿಗೆ ಅದು ಒಪ್ಪುವ ಮಾತು. ‘ಡೌನ್‌ಹಿಲ್’ ಪದದಲ್ಲಿ ಇನ್ನೊಂದು ಮೋಸವಿದೆ. ಆರೋಗ್ಯವೋ ವ್ಯಾಪಾರವೋ ‘ಡೌನ್‌ಹಿಲ್ ಹೋಗುತ್ತಿದೆ’ ಎಂದರೆ ಅವನತಿ. ‘ಇನ್ನು ಮುಂದೆ ಎಲ್ಲವೂ ಡೌನ್‌ಹಿಲ್’ ಎಂದರೆ ಕೆಲವೊಮ್ಮೆ ದಾರಿ ಸಲೀಸು ಎಂದೂ ಅರ್ಥ. ಎರಡರ್ಥದ ಮಾತು ಅರ್ಜಿಗೆ ತಕ್ಕುದಲ್ಲ.

ನುಡಿಗಟ್ಟು ದುಃಖಕ್ಕೆ ಅಲಂಕಾರವಲ್ಲ, ಅಳತೆ. ಕೆಡುಕು ಎಷ್ಟನೆಯ ಮೆಟ್ಟಿಲಿನಲ್ಲಿದೆಯೆಂದು ಅದು ಹೇಳಬೇಕು. ಅದು ಕೈಕೊಟ್ಟಲ್ಲಿ ಯಾವ ರಾತ್ರಿ, ಯಾವ ಬೆಳೆ, ಎಷ್ಟು ಎಕರೆ ಎಂಬ ಸರಳ ವಾಕ್ಯವೇ ಮೇಲು. 1963ರ ರಾಜಭಾಷಾ ಕಾಯಿದೆ ಕನ್ನಡವನ್ನು ಆಡಳಿತ ಭಾಷೆಯಾಗಿಸಿದೆ. ಆ ವಾಕ್ಯ ಕನ್ನಡದಲ್ಲಿಯೇ ಇರಬಹುದು. ಆಗ ತಂದೆಯೂ ಅರ್ಜಿಯನ್ನು ಓದಿಸಿ ಕೇಳಿ, ತಪ್ಪು ತೋರಿಸಿ, ಆಮೇಲೆ ಹೆಬ್ಬೆಟ್ಟು ಒತ್ತಬಹುದು.