ಪರ ಊರಿನ ಮಾದರಿ, ನಮ್ಮೂರಿನ ಬಾಳು

ತಡಸದ ಬಳಿ ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿ ನಿಂತವರಿಗೆ ಎರಡು ದಿಕ್ಕಿನ ಬಸ್ಸುಗಳು ಕಾಣುತ್ತವೆ. ಉತ್ತರಕ್ಕೆ ಹೊರಟದ್ದು ಹುಬ್ಬಳ್ಳಿಗೆ. ದಕ್ಷಿಣಕ್ಕೆ ಹೊರಟದ್ದು ಹಾವೇರಿ, ದಾವಣಗೆರೆಗಳನ್ನು ಹಾಯ್ದು ಬೆಂಗಳೂರಿಗೆ. ಈಚೆಗೊಂದು ಸಂಜೆ ಪರಿಚಯದ ಹುಡುಗನೊಬ್ಬ ಅಲ್ಲಿ ಚೀಲ ಹಿಡಿದು ಬೆಂಗಳೂರಿನ ಬಸ್ಸಿಗೆ ಕಾಯುತ್ತಿದ್ದ. “ನಮ್ಮ ಹುಬ್ಬಳ್ಳಿನೂ ಬೆಂಗಳೂರಿನಂಗ ಆಗಿದ್ರ ನಾವ್ಯಾಕ ಇಷ್ಟು ದೂರ ಹೋಗ್ತಿದ್ವಿ, ಕಾಕಾ?” ಎಂದು ಕೇಳಿದ. ಅಷ್ಟರಲ್ಲಿ ಬಸ್ಸು ಬಂದಿತು. ಅವನಿಗೆ ಹೇಳಬೇಕಾಗಿದ್ದ ಉತ್ತರವನ್ನು ಈ ತಿಂಗಳು ಓದುಗ ಬಾಂಧವರ ಮುಂದಿಡುತ್ತಿದ್ದೇನೆ.

ಹಿಂದುಳಿದ ನಗರವೊಂದು ಮುಂದುವರಿದ ನಗರವನ್ನು ನೋಡಿ ಕಲಿಯುವುದು ತಪ್ಪಲ್ಲ. ಆದರೆ ಅದು ಹುಲಿಯನ್ನು ಕಂಡು ನರಿ ಬರೆ ಹಾಕಿಕೊಂಡಂತೆ ಆಗಬಾರದು. ಯಾವುದನ್ನು ಕಲಿಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೇ ಇಲ್ಲಿ ಮುಖ್ಯವಾದದ್ದು.

ಅವಳಿ ನಗರದ ಚಿಗರಿ ಬಸ್ಸನ್ನೇ ನೋಡೋಣ. ರಸ್ತೆಯ ನಡುವೆ ಬಸ್ಸಿಗೆಂದೇ ಪ್ರತ್ಯೇಕ ದಾರಿ ಮಾಡುವ ಕ್ರಮ ಬ್ರೆಜಿಲ್ ದೇಶದ ಕುರಿಟಿಬಾ ನಗರದಲ್ಲಿ 1974ರಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ ಅಹಮದಾಬಾದ್ ನಗರವು 2009ರಲ್ಲಿ ಅದನ್ನು ಅಳವಡಿಸಿಕೊಂಡು ಹೆಸರಾಯಿತು. ಹುಬ್ಬಳ್ಳಿ-ಧಾರವಾಡಗಳ ನಡುವಿನ ಸುಮಾರು 22 ಕಿ.ಮೀ. ದಾರಿಯಲ್ಲಿ 2018ರಲ್ಲಿ ಈ ಬಸ್ಸುಗಳ ಸಂಚಾರ ಮೊದಲಾಯಿತು. ವಿದ್ಯಾರ್ಥಿಗಳಿಗೂ ನೌಕರರಿಗೂ ಇದರಿಂದ ಅನುಕೂಲವಾದದ್ದು ನಿಜ. ಆದರೆ ಅಹಮದಾಬಾದಿನದು ನಗರದೊಳಗೆ ಬಲೆಯಂತೆ ಹರಡಿದ ಮಾರ್ಗ, ನಮ್ಮದು ಎರಡು ಊರುಗಳನ್ನು ಜೋಡಿಸುವ ಒಂದೇ ದಾರಿ. ನಡುವಿನ ಭಾಗ ಮೀಸಲಾದಾಗ ಉಳಿದ ವಾಹನಗಳು ಅಂಚಿಗೆ ಸರಿದವು. ವೃದ್ಧರು ವಾಹನಗಳ ನಡುವೆ ರಸ್ತೆ ದಾಟಿ ನಿಲ್ದಾಣ ಸೇರಬೇಕಾಯಿತು. ರಸ್ತೆಯ ವಿಸ್ತರಣೆಗಾಗಿ ಮರಗಳು ಉರುಳಿದವು. ಮಳೆ ಬಂದರೆ ಧಾರವಾಡದ ಟೋಲ್ ನಾಕಾದ ಬಳಿ ನೀರು ನಿಲ್ಲುತ್ತದೆಂಬ ದೂರೂ ಕೇಳಿಬಂದಿತು. ಬಸ್ಸಿನ ಮಾದರಿಯನ್ನು ಗುಜರಾತಿನಿಂದ ತರಬಹುದು. ಧಾರವಾಡದ ಮಳೆಗೆ ತಕ್ಕ ಗಟಾರವನ್ನು ಧಾರವಾಡದಲ್ಲಿಯೇ ಯೋಚಿಸಬೇಕು.

ಇದೇ ಅವಳಿ ನಗರ ಪರರಿಗೆ ಮಾದರಿಯಾದದ್ದೂ ಉಂಟು. ದಿನದ 24 ತಾಸೂ ನಲ್ಲಿಯಲ್ಲಿ ನೀರು ಕೊಡುವ ಪ್ರಯೋಗ 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ ನಡೆಯಿತು. ವಿಶ್ವಬ್ಯಾಂಕಿನ ನೆರವಿನ ಈ ಕಾರ್ಯ ದೇಶದ ಗಮನ ಸೆಳೆಯಿತು. ಆದರೆ ಆ ವಾರ್ಡಿನ ಗಡಿಯಾಚೆಯ ತಾಯಂದಿರು ಹಲವು ದಿನಗಳಿಗೊಮ್ಮೆ ಬರುವ ನೀರಿಗಾಗಿ ಕೊಡಗಳನ್ನು ಸಾಲಿಟ್ಟು ವರ್ಷಗಟ್ಟಲೆ ಕಾದರು. ನೋಡಲು ಬಂದವರಿಗೆ ಮಾದರಿ ಕಂಡಿತು, ಪಕ್ಕದ ಓಣಿಗೆ ಅದು ದಾಟಲಿಲ್ಲ. ತನ್ನ ಊರಿನ ಎಲ್ಲರಿಗೂ ತಲುಪದ ಸೌಕರ್ಯವನ್ನು ಮಾದರಿ ಎನ್ನುವುದು ಹೇಗೆ?

ಇನ್ನು ದಕ್ಷಿಣದ ಬಸ್ಸು ಹಾಯ್ದು ಹೋಗುವ ದಾವಣಗೆರೆಯ ಕಥೆ. ಹತ್ತಿಯ ಗಿರಣಿಗಳಿಂದಾಗಿ ಆ ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂದಿತ್ತು. ಅಲ್ಲಿ ಹೆಸರು ಕೂಡ ಎರವಲು! ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಗಿರಣಿಗಳು ನಿಂತವು, ಕಾಲಕ್ರಮದಲ್ಲಿ ದಾವಣಗೆರೆಯಲ್ಲಿಯೂ ನಿಂತವು. ಊರನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಊರವರೇ ಕಟ್ಟಿಕೊಂಡ ವಿದ್ಯಾಸಂಸ್ಥೆಗಳು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ತಾಂತ್ರಿಕ ಕಾಲೇಜು, 2009ರಲ್ಲಿ ವಿಶ್ವವಿದ್ಯಾನಿಲಯ. ಆದರೂ ಒಂದು ಮಾತನ್ನು ಮರೆಯಲಾಗದು. ಮಗ್ಗದ ಮುಂದೆ ನಿಂತು ಪಳಗಿದ ಕೈಗಳಿಗೆ ಕಾಲೇಜು ಅದೇ ಕಾಯಕವನ್ನು ಹಿಂದಿರುಗಿಸಲಾರದು. ಊರು ಚೇತರಿಸಿತೆಂದರೆ ಅಲ್ಲಿನ ಎಲ್ಲರೂ ಚೇತರಿಸಿದರೆಂದು ಅರ್ಥವಲ್ಲ.

ಹಾಗಾದರೆ ಆ ಹುಡುಗನಿಗೆ ಏನು ಹೇಳೋಣ? ಹುಬ್ಬಳ್ಳಿ ಇನ್ನೊಂದು ಬೆಂಗಳೂರಾಗುವುದು ಬೇಡ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಆ ಮಹಾನಗರ ಪಟ್ಟ ಪಾಡನ್ನು ನಾವೆಲ್ಲ ಕಂಡಿದ್ದೇವೆ. ಹುಬ್ಬಳ್ಳಿಗೆ ತನ್ನದೇ ಬೇರುಗಳಿವೆ: ಹತ್ತೊಂಬತ್ತನೆಯ ಶತಮಾನದಿಂದ ಬಂದ ರೈಲ್ವೆ ಕಾರ್ಯಾಗಾರ, 2003ರಲ್ಲಿ ಬಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ, ತಲೆಮಾರುಗಳ ಹತ್ತಿಯ ವ್ಯಾಪಾರ. ಸುತ್ತಲಿನ ಸೀಮೆಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಇದೆ, ನಮ್ಮ ತಾಲ್ಲೂಕುಗಳ ಗೋವಿನಜೋಳವಿದೆ. ಈ ಬೇರಿಗೆ ನೀರೆರೆದು ಬೆಳೆಸಿದ ಉದ್ಯೋಗ ತಡಸದ ಹುಡುಗನನ್ನು ಸಂಜೆ ಮನೆಗೆ ಮರಳಿಸಬಲ್ಲದು.

ಆದುದರಿಂದ ‘ಇಂಥ ನಗರದ ಮಾದರಿ’ ಎಂದು ಯಾರಾದರೂ ನಕ್ಷೆ ಬಿಚ್ಚಿದಾಗ ನಾವು ಮೂರು ಪ್ರಶ್ನೆಗಳನ್ನು ಕೇಳಬೇಕು. ಆ ಊರಿನಲ್ಲಿ ಇದು ಏಕೆ ಫಲಿಸಿತು? ಅಲ್ಲಿ ಇದರಿಂದ ನೆಲೆ ಕಳೆದುಕೊಂಡವರು ಯಾರು? ನಮ್ಮಲ್ಲಿ ಕೊನೆಯ ಓಣಿಯ ಕೊನೆಯ ಮನೆಗೆ ಇದು ಯಾವಾಗ ತಲುಪುತ್ತದೆ? ಉತ್ತರ ದೊರೆತರೆ ಧಾರಾಳವಾಗಿ ಕಲಿಯೋಣ. ದೊರೆಯದಿದ್ದರೆ ಆ ನಕ್ಷೆಯನ್ನು ವಿನಯದಿಂದಲೇ ಮಡಿಚಿಡಲು ಹೇಳೋಣ.